ತೊನ್ನಿಗೆ ಹಚ್ಚುವ ಗಿಡಮೂಲಿಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಮೇಲೆ ಬಿಳಿ ಮಚ್ಚೆ ಕಾಣಿಸಿದ ಕೂಡಲೇ ಸಲಹೆಗಳು ಶುರುವಾಗುತ್ತವೆ. ಒಬ್ಬರು ಬಾವಂಚಿ ಎಣ್ಣೆ ಅಂತಾರೆ, ಇನ್ನೊಬ್ಬರು ಕರಿಜೀರಿಗೆ ಅಂತಾರೆ, ಮತ್ತೊಬ್ಬರು ಗಿಡದ ಔಷಧಿಯೆಲ್ಲ ಸುಳ್ಳು ಅಂತಾರೆ. ಈ ಮೂರೂ ಮಾತು ಕೇಳಿ ಗೊಂದಲಕ್ಕೆ ಬಿದ್ದವರಿಗಾಗಿ ಇದನ್ನು ಬರೆದಿದ್ದೇನೆ. ಇದರಲ್ಲಿ ನಾನು ಒತ್ತಿ ಹೇಳುವುದು ಒಂದೇ ವಿಷಯ. ಕೆಲವು ಗಿಡಗಳಲ್ಲಿ ನಿಜವಾದ ಔಷಧಿ ಇದೆ. ಅದಕ್ಕೇ ಅವನ್ನು ಔಷಧಿಯ ಹಾಗೆಯೇ ಅಳತೆ ನೋಡಿ, ಎಚ್ಚರದಿಂದ ಬಳಸಬೇಕು.

ಚರ್ಮದ ಬಣ್ಣ ಹೋಗುವುದು ಯಾಕೆ?

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಕೋಶಗಳಿಗೆ ಮೆಲನೋಸೈಟ್ ಅನ್ನುತ್ತಾರೆ. ತೊನ್ನಿನಲ್ಲಿ, ಅಂದರೆ ವಿಟಿಲಿಗೋದಲ್ಲಿ, ನಮ್ಮದೇ ದೇಹದ ರಕ್ಷಣಾ ಕೋಶಗಳು ಈ ಮೆಲನೋಸೈಟ್‌ಗಳನ್ನು ಶತ್ರು ಅಂದುಕೊಂಡು ಕೊಲ್ಲುತ್ತವೆ. ಇದರಲ್ಲಿ ಮುಖ್ಯ ಪಾತ್ರ ಸಿಡಿ8 ಅನ್ನುವ ಟಿ-ಕೋಶಗಳದ್ದು. ಕೋಶಗಳೇ ಹೋದ ಮೇಲೆ ಬಣ್ಣ ಎಲ್ಲಿಂದ ಬರಬೇಕು? ಆ ಜಾಗ ಹಾಲಿನಂತೆ ಬೆಳ್ಳಗಾಗುತ್ತದೆ.

ಜಗತ್ತಿನಲ್ಲಿ ನೂರಕ್ಕೆ ಅರ್ಧದಿಂದ 2 ಮಂದಿಗೆ ಇದು ಇರುತ್ತದೆ. ಇದು ಅಂಟುರೋಗ ಅಲ್ಲ. ಕುಷ್ಠವೂ ಅಲ್ಲ. ಈ ಎರಡು ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮಚ್ಚೆಗಿಂತ ಜನ ನೋಡುವ ನೋಟವೇ ಜಾಸ್ತಿ ನೋಯಿಸುತ್ತದೆ ಅಂತ ತೊನ್ನು ಇರುವವರಲ್ಲಿ ಅನೇಕರು ಹೇಳುತ್ತಾರೆ.

ಹಾಗಾಗಿ ಹಚ್ಚುವ ಯಾವುದೇ ಔಷಧಿಗೂ ಎರಡು ಕೆಲಸ ಇರುತ್ತದೆ. ಆ ದಾಳಿಯನ್ನು ತಗ್ಗಿಸಬೇಕು. ಉಳಿದಿರುವ ಮೆಲನೋಸೈಟ್‌ಗಳನ್ನು ಎಬ್ಬಿಸಿ ಬೆಳೆಸಬೇಕು. ಯಾವ ಗಿಡದ ಹೆಸರು ಕೇಳಿದರೂ "ಇದು ಈ ಎರಡರಲ್ಲಿ ಯಾವುದನ್ನು ಮಾಡುತ್ತದೆ?" ಅಂತ ಕೇಳಿ.

ನನ್ನ ಮೈಮೇಲಿರುವ ಮಚ್ಚೆ ತೊನ್ನೇ ಅಂತ ಗೊತ್ತಾಗುವುದು ಹೇಗೆ?

ನೀವೇ ತೀರ್ಮಾನ ಮಾಡಬೇಡಿ. ಶಿಲೀಂಧ್ರದಿಂದ ಬರುವ ಚಿಬ್ಬು, ಮಕ್ಕಳ ಕೆನ್ನೆಯ ಮೇಲಿನ ಮಾಸಲು ಮಚ್ಚೆ, ಗಾಯ ಮಾಗಿದ ಮೇಲೆ ಉಳಿಯುವ ಬಿಳುಪು, ಹುಟ್ಟಿನಿಂದಲೇ ಇರುವ ತೆಳು ಮಚ್ಚೆ, ಇವೆಲ್ಲ ನೋಡಲು ಹತ್ತಿರ ಹತ್ತಿರ ಇರುತ್ತವೆ. ಚಿಬ್ಬಿಗೆ ಬಾವಂಚಿ ಎಣ್ಣೆ ಹಚ್ಚಿದರೆ ಚರ್ಮ ಸುಡುತ್ತದೆ, ಚಿಬ್ಬು ಹಾಗೇ ಉಳಿಯುತ್ತದೆ. ಮಚ್ಚೆಯ ಜಾಗದಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಜೋಮು ಹಿಡಿದಂತಿದ್ದರೆ, ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ತೊನ್ನಿನಲ್ಲಿ ಸ್ಪರ್ಶ ಹೋಗುವುದಿಲ್ಲ.

ಚರ್ಮದ ವೈದ್ಯರ ಹತ್ತಿರ ವುಡ್ಸ್ ಲ್ಯಾಂಪ್ ಅನ್ನುವ ನೇರಳೆ ಬೆಳಕಿನ ದೀಪ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಅದನ್ನು ಹಿಡಿದರೆ ತೊನ್ನಿನ ಮಚ್ಚೆ ನೀಲಿ ಬಿಳುಪಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಇನ್ನೂ ಕಾಣದ ಮಚ್ಚೆಗಳೂ ಆಗ ಕಾಣುತ್ತವೆ. ತೊನ್ನಿನ ಜೊತೆ ಥೈರಾಯ್ಡ್ ತೊಂದರೆ ಇರುವವರು ಸಾಕಷ್ಟು ಮಂದಿ. ಅದರ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಿ.

ಗಿಡದಿಂದ ನಿಜವಾಗಿಯೂ ಬಣ್ಣ ವಾಪಸ್ ಬರುತ್ತಾ?

ಬರುತ್ತದೆ. ಎಲ್ಲ ಗಿಡದಿಂದಲೂ ಅಲ್ಲ, ಎಲ್ಲರಿಗೂ ಅಲ್ಲ. ಇದರ ಹಿಂದಿನ ಕಥೆ ತುಂಬ ದೊಡ್ಡದು.

ಅಥರ್ವವೇದದ ಮೊದಲ ಕಾಂಡದಲ್ಲಿ ಬಿಳಿ ಮಚ್ಚೆ ಹೋಗಲಿ ಅಂತ ಕಪ್ಪು ಬಣ್ಣದ ಗಿಡವೊಂದನ್ನು ಬೇಡುವ ಸೂಕ್ತಗಳಿವೆ. ಆಯುರ್ವೇದ ಈ ರೋಗವನ್ನು ಶ್ವಿತ್ರ ಎಂದು ಕರೆದು, ಬಾಕುಚಿ ಬೀಜವನ್ನು ಬಳಸಿತು. ನಾವು ಬಾವಂಚಿ ಅನ್ನುವುದು ಅದನ್ನೇ. ಅತ್ತ ನೈಲ್ ನದಿಯ ದಡದಲ್ಲಿ ಅಮ್ಮಿ ಮೇಜಸ್ ಅನ್ನುವ ಗಿಡ ಬೆಳೆಯುತ್ತದೆ, ಬಿಳಿ ಹೂವಿನ ಗೊಂಚಲು ಬಿಡುತ್ತದೆ. ಅದರ ಬೀಜ ತಿಂದು ಮಚ್ಚೆಯನ್ನು ಬಿಸಿಲಿಗೆ ಒಡ್ಡುವ ಪದ್ಧತಿಯನ್ನು 13ನೇ ಶತಮಾನದಲ್ಲಿ ಇಬ್ನ್ ಅಲ್-ಬೈತಾರ್ ಅನ್ನುವ ಅರಬ್ ಗಿಡಮೂಲಿಕೆ ತಜ್ಞರು ಬರೆದಿಟ್ಟಿದ್ದಾರೆ.

ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಗಿಡ. ಒಂದು ಹುರುಳಿ, ಅವರೆಯ ಕುಟುಂಬದ್ದು. ಇನ್ನೊಂದು ಓಮ, ಜೀರಿಗೆಯ ಕುಟುಂಬದ್ದು. ಆದರೆ ಎರಡರ ಒಳಗೂ ಸೊರಾಲೆನ್ ಅನ್ನುವ ಒಂದೇ ಗುಂಪಿನ ರಾಸಾಯನಿಕ ಇದೆ! ದೂರದೂರದ ಊರುಗಳ ವೈದ್ಯರು, ಸೂಕ್ಷ್ಮದರ್ಶಕವೂ ಇಲ್ಲದ ಕಾಲದಲ್ಲಿ, ಬೇರೆ ಬೇರೆ ದಾರಿ ಹಿಡಿದು ಅದೇ ಔಷಧಿಯನ್ನು ಮುಟ್ಟಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

1940ರ ದಶಕದಲ್ಲಿ ಈಜಿಪ್ಟಿನ ವಿಜ್ಞಾನಿಗಳು ಅಮ್ಮಿ ಬೀಜದಿಂದ ಶುದ್ಧ ಹರಳುಗಳನ್ನು ಬೇರ್ಪಡಿಸಿದರು. ಕೈರೋದ ಚರ್ಮವೈದ್ಯ ಅಬ್ದೆಲ್ ಮೊನೆಮ್ ಎಲ್ ಮೊಫ್ಟಿ ಅವನ್ನು ತೊನ್ನಿನ ರೋಗಿಗಳಿಗೆ ಕೊಟ್ಟು, ಫಲಿತಾಂಶವನ್ನು 1948ರಲ್ಲಿ ಪ್ರಕಟಿಸಿದರು. ಆ ಹರಳೇ ಇವತ್ತಿನ ಮೆಥಾಕ್ಸಾಲೆನ್. ಅದರ ಜೊತೆ ಯುವಿಎ ಅನ್ನುವ ಅತಿನೇರಳೆ ಬೆಳಕು ಕೊಡುವ ಚಿಕಿತ್ಸೆಗೆ ಪುವಾ ಅಂತ ಹೆಸರು ಬಂತು. ಆಸ್ಪತ್ರೆಯ ಬೆಳಕಿನ ಚಿಕಿತ್ಸೆಯ ಬೇರು ಹೊಲದ ಗಿಡದಲ್ಲೇ ಇದೆ, ಅಲ್ವಾ?

ಬಾವಂಚಿ ಹೇಗೆ ಕೆಲಸ ಮಾಡುತ್ತದೆ?

ಕತ್ತಲಲ್ಲಿ ಸೊರಾಲೆನ್ ಹೆಚ್ಚೇನೂ ಮಾಡುವುದಿಲ್ಲ. ಚರ್ಮದೊಳಗೆ ಇಳಿದು, ಕೋಶದ ಡಿಎನ್ಎ ಎಳೆಗಳ ನಡುವೆ ಹೋಗಿ ಸುಮ್ನೆ ಕೂತಿರುತ್ತದೆ. ಮೇಲಿಂದ ಯುವಿಎ ಕಿರಣ ಬಿದ್ದಾಗ ಎಳೆಗಳಿಗೆ ಅಂಟಿಕೊಂಡು ಅವನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ಯುವಿಎ ಅಂದರೆ 320ರಿಂದ 400 ನ್ಯಾನೋಮೀಟರ್ ಉದ್ದದ ಅಲೆಗಳು, ಬಿಸಿಲಿನಲ್ಲಿ ಧಾರಾಳವಾಗಿ ಇರುತ್ತವೆ.

ಇದರಿಂದ ದಾಳಿ ಮಾಡುತ್ತಿದ್ದ ರಕ್ಷಣಾ ಕೋಶಗಳು ಸಾಯುತ್ತವೆ. ಕೂದಲ ಬುಡದಲ್ಲಿ ಅಡಗಿದ್ದ ಮೆಲನೋಸೈಟ್‌ಗಳು ಎದ್ದು, ಹೆಚ್ಚಿ, ಮೇಲಕ್ಕೆ ಬರುತ್ತವೆ. ಲಾಭ ಇಷ್ಟು. ಅಪಾಯವೂ ಇದರಲ್ಲೇ ಇದೆ. ಅಳತೆ ಸ್ವಲ್ಪ ಮೀರಿದರೂ ಒಳ್ಳೆಯ ಕೋಶಗಳು ಸುಟ್ಟು ಗುಳ್ಳೆ ಏಳುತ್ತದೆ. ವರ್ಷಗಟ್ಟಲೆ ಪುವಾ ತೆಗೆದುಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿದ್ದು ಸೋರಿಯಾಸಿಸ್ ಅನ್ನುವ ಚರ್ಮರೋಗಕ್ಕೆ ಇದೇ ಚಿಕಿತ್ಸೆ ಪಡೆದವರನ್ನು ಬಹಳ ಕಾಲ ಗಮನಿಸಿದಾಗ ಕಂಡುಬಂತು.

ಹಾಗಾದರೆ ಮನೆಯಲ್ಲೇ ಬಾವಂಚಿ ಎಣ್ಣೆ ಮಾಡಿ ಹಚ್ಚಬಹುದಾ?

ಬೇಡ. ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ಹಚ್ಚುವ ಮೆಥಾಕ್ಸಾಲೆನ್ ಎಷ್ಟು ತೆಳು ಗೊತ್ತಾ? ಸಾಮಾನ್ಯವಾಗಿ ಶೇಕಡಾ 0.1 ಅಥವಾ ಅದಕ್ಕೂ ಕಡಿಮೆ. ಹಚ್ಚಿ ಸುಮಾರು ಅರ್ಧ ಗಂಟೆ ಕಾದು, ಯಂತ್ರದಲ್ಲಿ ಅಳೆದ ಯುವಿಎಯನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕೊಟ್ಟು, ಆಮೇಲೆ ತೊಳೆದು, ಸನ್‌ಸ್ಕ್ರೀನ್ ಹಚ್ಚಿ, ಬಟ್ಟೆ ಮುಚ್ಚಿ ಮನೆಗೆ ಕಳಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಸುಡುತ್ತದೆ.

ಮನೆಯಲ್ಲಿ ಅರೆದ ಬೀಜದಲ್ಲಿ ಸೊರಾಲೆನ್ ಎಷ್ಟಿದೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಬೆಳೆದ ಮಣ್ಣು, ಕೊಯ್ದ ಕಾಲ, ಇಟ್ಟ ರೀತಿ, ಎಣ್ಣೆ ಕಾಯಿಸಿದ ಬಗೆ, ಪ್ರತಿಯೊಂದಕ್ಕೂ ಅದು ಬದಲಾಗುತ್ತದೆ. ಬಿಸಿಲಿನ ಪ್ರಮಾಣವೂ ಅಷ್ಟೇ. ಬೆಳಗಿನ ಬಿಸಿಲು, ನಡುಹಗಲ ಬಿಸಿಲು, ಮೋಡದ ಬಿಸಿಲು ಒಂದೇ ಅಲ್ಲ. ಎರಡೂ ಕಡೆ ಅಳತೆ ತಪ್ಪಿದರೆ ಚರ್ಮವೇ ಅದರ ಬೆಲೆ ಕೊಡಬೇಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸೊರಾಲೆನ್ ಸುಟ್ಟಾಗ ತಕ್ಷಣ ತಿಳಿಯುವುದಿಲ್ಲ. ಮಾಮೂಲಿ ಬಿಸಿಲಿನ ಸುಟ್ಟಗಾಯ ಅದೇ ದಿನ ಕೆಂಪಗಾಗುತ್ತದೆ. ಸೊರಾಲೆನ್‌ನ ಕೆಂಪು ಜೋರಾಗುವುದು 48ರಿಂದ 72 ಗಂಟೆಯ ಹೊತ್ತಿಗೆ. ಹೀಗಾಗಿ ಇವತ್ತು ಹಚ್ಚಿ "ಏನೂ ಆಗಲಿಲ್ಲ" ಅಂದುಕೊಂಡು ನಾಳೆ ಇನ್ನೂ ಜಾಸ್ತಿ ಹಚ್ಚುತ್ತಾರೆ. ಮೂರನೇ ದಿನ ನೀರುಗುಳ್ಳೆ.

ಕಿಟಕಿ ಗಾಜಿನ ಒಳಗೆ ಕೂತರೆ ಅಪಾಯ ಇಲ್ಲ ಅಲ್ವಾ?

ಇದೆ. ಮಾಮೂಲಿ ಕಿಟಕಿ ಗಾಜು ಯುವಿಬಿ ಅನ್ನುವ ಇನ್ನೂ ಗಿಡ್ಡ ಅಲೆಯ ಕಿರಣವನ್ನು ತಡೆಯುತ್ತದೆ, ಯುವಿಎಯ ಬಹುಪಾಲನ್ನು ಒಳಗೆ ಬಿಡುತ್ತದೆ. ಕಾರಿನ ಪಕ್ಕದ ಗಾಜಿನ ಮೂಲಕವೂ ಸಾಕಷ್ಟು ಬರುತ್ತದೆ. ಮೋಡ ಕವಿದಿದ್ದರೂ ಬರುತ್ತದೆ. ಸೊರಾಲೆನ್ ಇರುವ ಏನನ್ನೇ ಹಚ್ಚಿದ್ದರೂ ಆ ದಿನ ಕಿಟಕಿ ಪಕ್ಕದ ಕುರ್ಚಿ ಬೇಡ.

ನಿಂಬೆ ಜಾತಿಯ ಹಣ್ಣು, ಅಂಜೂರದ ಎಲೆಯ ಹಾಲು, ಸೆಲರಿ, ಇವುಗಳಲ್ಲೂ ಇದೇ ಗುಂಪಿನ ಪದಾರ್ಥ ಇದೆ. ಮಚ್ಚೆಗೆ ನಿಂಬೆರಸ ತಿಕ್ಕಿ ಬಿಸಿಲಲ್ಲಿ ನಿಂತು ಸುಟ್ಟುಕೊಳ್ಳುವುದು ಹೀಗೇ.

ಅಂಗಡಿಯಲ್ಲಿ ಬಾಕುಚಿಯಾಲ್ ಸೀರಮ್ ಸಿಗುತ್ತದೆ. ಅದನ್ನು ಮಚ್ಚೆಗೆ ಹಚ್ಚಬಹುದಾ?

ಹೆಸರು ನೋಡಿ ಮೋಸ ಹೋಗಬೇಡಿ. ಬಾಕುಚಿಯಾಲ್ ಬಾವಂಚಿ ಬೀಜದಲ್ಲೇ ಇರುವ ಪದಾರ್ಥ, ಆದರೆ ಸೊರಾಲೆನ್ ಅಲ್ಲ. ಸುಕ್ಕು ತಗ್ಗಿಸಲು ರೆಟಿನಾಲ್ ಬದಲಿಗೆ ಅದನ್ನು ಬಳಸುತ್ತಾರೆ. ಚೆನ್ನಾಗಿ ಶುದ್ಧ ಮಾಡಿದ ಸೀರಮ್‌ನಲ್ಲಿ ಸೊರಾಲೆನ್ ಇರಬಾರದು. ಅಷ್ಟೇ ಅಲ್ಲ, ಕಪ್ಪು ಕಲೆ ತಿಳಿಯಾಗಲಿ ಅಂತಲೇ ಅದನ್ನು ಮಾರುತ್ತಾರೆ. ಬಣ್ಣ ಬರಬೇಕಾದ ಜಾಗಕ್ಕೆ ಬಣ್ಣ ತಗ್ಗಿಸುವ ಪದಾರ್ಥ ಯಾಕೆ?

ಬಾವಂಚಿ ಪುಡಿ ಹೊಟ್ಟೆಗೆ ತೆಗೆದುಕೊಂಡರೆ?

ಬಾವಂಚಿ ಸೇವಿಸಿದವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಹಸಿವು ಕಟ್ಟುವುದು ಅದರ ಲಕ್ಷಣ. ವೈದ್ಯರ ಕಣ್ಗಾವಲಿಲ್ಲದೆ ಖಂಡಿತ ಬೇಡ.

ಕೆಲ್ಲಿನ್ ಅಂದರೆ ಏನು? ಅದು ಸುಡುವುದಿಲ್ಲವಂತೆ?

ಅಮ್ಮಿ ಮೇಜಸ್‌ಗೆ ಅಮ್ಮಿ ವಿಸ್ನಾಗ ಅನ್ನುವ ಸೋದರ ಗಿಡ ಇದೆ. ಅದರ ಹಣ್ಣಿನಿಂದ ತೆಗೆಯುವುದು ಕೆಲ್ಲಿನ್. ರಚನೆಯಲ್ಲಿ ಸೊರಾಲೆನ್‌ಗೆ ಹತ್ತಿರ, ಆದರೆ ಬೆಳಕು ಬಿದ್ದಾಗ ಚರ್ಮ ಸುಡುವ ಗುಣ ಅದಕ್ಕಿಂತ ತುಂಬಾ ಕಡಿಮೆ. ಹಚ್ಚಿ ಯುವಿಎ ಕೊಟ್ಟಾಗ ಕೆಲವರಿಗೆ ಬಣ್ಣ ಬಂದಿದೆ. ಪುವಾದಷ್ಟು ಫಲ ಬೇಕಾದರೆ ಸಾಮಾನ್ಯವಾಗಿ ಹೆಚ್ಚು ಕಾಲ, ಹೆಚ್ಚು ಬೆಳಕು ಬೇಕು. ಮಾತ್ರೆಯಾಗಿ ತೆಗೆದುಕೊಂಡ ಕೆಲವರಲ್ಲಿ ಪಿತ್ತಜನಕಾಂಗದ ಕಿಣ್ವಗಳು ಏರಿದ್ದರಿಂದ ಆ ದಾರಿ ಮುಂದುವರಿಯಲಿಲ್ಲ. ಅಂದ ಹಾಗೆ, ದಮ್ಮಿಗೆ ಕೊಡುತ್ತಿದ್ದ ಕ್ರೊಮೊಲಿನ್, ಹೃದಯ ಬಡಿತ ಸರಿಪಡಿಸುವ ಅಮಿಯೊಡರೋನ್, ಎರಡೂ ಇದೇ ಕೆಲ್ಲಿನ್ ಅಣುವನ್ನು ತಿದ್ದುತ್ತಾ ಹೋದಾಗ ಹುಟ್ಟಿದವು.

ಕಾಳುಮೆಣಸಿನಿಂದ ತೊನ್ನು ವಾಸಿಯಾಗುತ್ತದೆ ಅಂತ ಓದಿದೆ. ನಿಜವಾ?

ಅರ್ಧ ನಿಜ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡವೊಂದು ಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಅನ್ನು ಪರೀಕ್ಷಿಸಿತು. ಪ್ರಯೋಗಶಾಲೆಯ ತಟ್ಟೆಯಲ್ಲಿ ಅದು ಮೆಲನೋಸೈಟ್‌ಗಳನ್ನು ಬೆಳೆಸಿತು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿಲ್ಲದ ಇಲಿಗಳಿಗೆ ಪೈಪರಿನ್ ಹಚ್ಚಿ ಯುವಿ ಬೆಳಕು ಕೊಟ್ಟಾಗ, ಬರೀ ಬೆಳಕು ಕೊಟ್ಟ ಇಲಿಗಳಿಗಿಂತ ಬಣ್ಣ ಬೇಗ ಬಂತು, ಸಮನಾಗಿಯೂ ಬಂತು. ಇದು ನಿಜಕ್ಕೂ ಭರವಸೆಯ ಸುದ್ದಿ. ಸೊರಾಲೆನ್‌ನ ಹಾಗೆ ಬೆಳಕಿಗೆ ಕಾದು ಡಿಎನ್ಎ ಬಿಗಿಯುವ ಪದಾರ್ಥ ಅಲ್ಲ ಇದು.

ಆಮೇಲೆ ಇರಾನಿನಲ್ಲಿ ಮುಖದ ತೊನ್ನು ಇರುವವರ ಮೇಲೆ ಸಣ್ಣ ಪರೀಕ್ಷೆಯೊಂದು ನಡೆಯಿತು. ಪೈಪರಿನ್ ಜೊತೆ ಯುವಿಬಿ ಬೆಳಕು ಪಡೆದವರಿಗೆ ಬರೀ ಬೆಳಕು ಪಡೆದವರಿಗಿಂತ ಹೆಚ್ಚು ಬಣ್ಣ ಬಂತು. ಉರಿ, ಕೆಂಪು ಕೂಡ ಕಾಣಿಸಿಕೊಂಡವು. ದೊಡ್ಡ ಪರೀಕ್ಷೆಗಳು ಇನ್ನೂ ಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಯುವಿ ಬೆಳಕು ತಗುಲಿದರೆ ಪೈಪರಿನ್ ಅಣುವಿನ ಆಕಾರವೇ ಬದಲಾಗಿ ಅದರ ಶಕ್ತಿ ಕುಂದುತ್ತದೆ. ಅದಕ್ಕೇ ಹಚ್ಚುವ ಹೊತ್ತು ಬೇರೆ, ಬೆಳಕಿನ ಹೊತ್ತು ಬೇರೆ ಇರಬೇಕು ಅಂತ ಆ ವಿಜ್ಞಾನಿಗಳು ಹೇಳಿದರು. ಅಡುಗೆಮನೆಯ ಮೆಣಸು ಕುಟ್ಟಿ ಮೈಗೆ ಹಚ್ಚಿದರೆ ಇದು ಯಾವುದೂ ಆಗುವುದಿಲ್ಲ, ಉರಿಯೊಂದೇ ಗ್ಯಾರಂಟಿ.

ಕರಿಜೀರಿಗೆ ಎಣ್ಣೆ?

ನೈಜೆಲ್ಲಾ ಸಟೈವಾ, ಅಂದರೆ ಕಲೋಂಜಿ, ಇದರ ಎಣ್ಣೆಯ ಮೇಲೆ ಇರಾನಿನಲ್ಲಿ 52 ಮಂದಿಯ ಪರೀಕ್ಷೆ ನಡೆದು 2014ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಕಲೋಂಜಿ ಎಣ್ಣೆ, ಉಳಿದರ್ಧಕ್ಕೆ ಮೀನೆಣ್ಣೆ, ಆರು ತಿಂಗಳು. ತೊನ್ನು ಎಷ್ಟು ಹರಡಿದೆ ಅಂತ ಅಳೆಯುವ 100 ಅಂಕದ ಮಾಪಕದಲ್ಲಿ ಕಲೋಂಜಿ ಗುಂಪು 4.98ರಿಂದ 3.75ಕ್ಕೆ ಇಳಿಯಿತು. ಮೀನೆಣ್ಣೆ ಗುಂಪು 4.62ಕ್ಕೆ. ವ್ಯತ್ಯಾಸ ಇದೆ, ಆದರೆ ಕಣ್ಣಿಗೆ ಕಾಣುವ ಬದಲಾವಣೆ ಸಾಧಾರಣ. ಸುಡುವ ಭಯ ಬಾವಂಚಿಗಿಂತ ಕಡಿಮೆ, ಅಲರ್ಜಿ ಮಾತ್ರ ಯಾರಿಗೆ ಬೇಕಾದರೂ ಆಗಬಹುದು. ನಿಮ್ಮ ವೈದ್ಯರು ಬೇಡ ಅನ್ನದಿದ್ದರೆ, ಬೇರೆ ಚಿಕಿತ್ಸೆ ನಿಲ್ಲಿಸದೆ ಹಚ್ಚಿ ನೋಡುವುದಕ್ಕೆ ನನ್ನ ಅಡ್ಡಿ ಇಲ್ಲ.

ಕೊಳ್ಳುವಾಗ ಹುಷಾರು. ಕಾಡುಜೀರಿಗೆ ಬೇರೆಯೇ ಗಿಡ. ಅದನ್ನು ಚೀನಾದ ಉಯಿಘರ್ ಜನರ ವೈದ್ಯದಲ್ಲಿ ತೊನ್ನಿಗೆ ಬಳಸುತ್ತಾರೆ. ಹೆಸರು ಹತ್ತಿರ ಇರುವುದರಿಂದ ಒಂದರ ಬದಲು ಇನ್ನೊಂದು ಕೈಗೆ ಬರುವುದುಂಟು.

ಅರಿಶಿನ ಹಚ್ಚಿದರೆ?

ಹಳದಿ ಬಣ್ಣ ಅಂಟಿಕೊಂಡು ಮಚ್ಚೆ ಮಾಸಿದಂತೆ ಕಾಣುತ್ತದೆ, ಅಷ್ಟೇ. ಅರಿಶಿನದ ಕುರ್ಕ್ಯುಮಿನ್ ಮೆಲನಿನ್ ಹೆಚ್ಚಿಸುವ ಬದಲು ತಗ್ಗಿಸುತ್ತದೆ ಅಂತ ಪ್ರಯೋಗಶಾಲೆಯ ಕೆಲಸಗಳು ತೋರಿಸಿವೆ. ಅದರ ತಿದ್ದಿದ ರೂಪದ ಕ್ರೀಮನ್ನು ಬೆಳಕಿನ ಚಿಕಿತ್ಸೆಯ ಜೊತೆ 10 ಮಂದಿಗೆ ಹಚ್ಚಿ ಥಾಯ್ಲೆಂಡಿನಲ್ಲಿ ನೋಡಿದರು. ಬರೀ ಬೆಳಕಿಗಿಂತ ಗಟ್ಟಿಯಾಗಿ ಹೇಳುವಷ್ಟು ವ್ಯತ್ಯಾಸ ಬರಲಿಲ್ಲ.

ಗಿಂಕ್ಗೊ ಬಗ್ಗೆ ಕೇಳಿದ್ದೇನೆ. ಅದರ ಕ್ರೀಮ್ ಸಿಗುತ್ತಾ?

ಗಿಂಕ್ಗೊ ಅನ್ನುವ ಮರದ ಎಲೆಯ ಸಾರ ಪರೀಕ್ಷೆಯಾಗಿರುವುದು ಮಾತ್ರೆಯಾಗಿ, ಹಚ್ಚುವ ರೂಪದಲ್ಲಿ ಅಲ್ಲ. 2003ರಲ್ಲಿ ಚಂಡೀಗಢದ ವೈದ್ಯರು 40 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ ಕೊಟ್ಟು ನೋಡಿದಾಗ, ನಿಧಾನವಾಗಿ ಹರಡುತ್ತಿದ್ದ ತೊನ್ನು ಅನೇಕರಲ್ಲಿ ನಿಂತಿತು. ಅದು ರಕ್ತ ತೆಳುವಾಗಿಸುತ್ತದೆ. ಹಾಗಾಗಿ ಆಸ್ಪಿರಿನ್, ವಾರ್ಫರಿನ್ ತೆಗೆದುಕೊಳ್ಳುವವರು, ಆಪರೇಷನ್ ಇರುವವರು ಕೇಳದೆ ಮುಟ್ಟಬಾರದು. ಪಾಲಿಪೋಡಿಯಂ ಅನ್ನುವ ಜರೀಗಿಡದ ಸಾರವನ್ನೂ ಬೆಳಕಿನ ಚಿಕಿತ್ಸೆಯ ಜೊತೆ ಮಾತ್ರೆಯಾಗಿಯೇ ಕೊಡುತ್ತಾರೆ.

ಚಿತ್ರಮೂಲದ ಬೇರು ಅರೆದು ಹಚ್ಚಿ ಗುಳ್ಳೆ ಎಬ್ಬಿಸಿದರೆ ಹೊಸ ಚರ್ಮ ಬರುತ್ತದೆ ಅಂತಾರೆ.

ದಯವಿಟ್ಟು ಇದನ್ನು ಮಾಡಬೇಡಿ. ಚಿತ್ರಮೂಲ, ಭಲ್ಲಾತಕ ಇವೆರಡೂ ಚರ್ಮವನ್ನು ಸುಡುವ ಪದಾರ್ಥಗಳು. ಬೆಳ್ಳುಳ್ಳಿ ಅರೆದು ಕಟ್ಟಿದರೂ ಸುಡುತ್ತದೆ.

ತೊನ್ನಿಗೆ ಒಂದು ಕೆಟ್ಟ ಸ್ವಭಾವ ಇದೆ. ಚರ್ಮಕ್ಕೆ ಎಲ್ಲಿ ಗಾಯವಾಗುತ್ತದೋ ಅಲ್ಲೇ ಹೊಸ ಮಚ್ಚೆ ಹುಟ್ಟಬಹುದು. ಉಜ್ಜಿದ್ದು, ಕೆರೆದದ್ದು, ಸುಟ್ಟದ್ದು, ಬಿಗಿ ಬೆಲ್ಟ್ ಒತ್ತಿದ್ದು, ಯಾವುದಾದರೂ ಆಗಬಹುದು. ಇದಕ್ಕೆ ಕೋಬ್ನರ್ ಪರಿಣಾಮ ಅಂತ ಹೆಸರು. ಬೇರಿನ ಲೇಪದಿಂದ ಗುಳ್ಳೆ ಎಬ್ಬಿಸಿಕೊಂಡು, ಅಂಗೈ ಅಗಲದ ಮಚ್ಚೆ ಇನ್ನೂ ಅಗಲವಾಗಿ, ಅಂಚಿನಲ್ಲಿ ಗಂಟು ಕಟ್ಟಿದ ಕಲೆಯನ್ನೂ ಹೊತ್ತು ಬರುವವರಿದ್ದಾರೆ. ಮಚ್ಚೆ ಹೊಸದಾಗಿ ಹರಡುತ್ತಿರುವ ದಿನಗಳಲ್ಲಂತೂ ಯಾವ ಖಾರದ ಲೇಪವೂ ಬೇಡ.

ಬಣ್ಣ ನಿಜವಾಗಿ ಬರುತ್ತಿದೆಯಾ, ಬರೀ ಲೇಪದ ಕಲೆಯಾ ಅಂತ ತಿಳಿಯುವುದು ಹೇಗೆ?

ಒಳ್ಳೆಯ ಬೆಳಕಿನಲ್ಲಿ, ಸಾಧ್ಯವಾದರೆ ಭೂತಗನ್ನಡಿ ಹಿಡಿದು ನೋಡಿ. ನಿಜವಾದ ಬಣ್ಣ ಸಾಮಾನ್ಯವಾಗಿ ಮಚ್ಚೆಯ ನಡುವೆ ಚುಕ್ಕೆ ಚುಕ್ಕೆಯಾಗಿ ಶುರುವಾಗುತ್ತದೆ. ಬಿಳಿ ಬಟ್ಟೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ. ಒಂದೊಂದು ಚುಕ್ಕೆಯ ನಟ್ಟನಡುವೆ ಒಂದು ಕೂದಲು ಇರುತ್ತದೆ, ಯಾಕೆಂದರೆ ಮೆಲನೋಸೈಟ್‌ಗಳು ಬರುವುದು ಕೂದಲ ಬುಡದಿಂದಲೇ. ವಾರಗಳು ಕಳೆದಂತೆ ಚುಕ್ಕೆಗಳು ಅಗಲವಾಗಿ ಒಂದಕ್ಕೊಂದು ಸೇರುತ್ತವೆ. ಕೆಲವೊಮ್ಮೆ ಅಂಚಿನಿಂದ ಒಳಮುಖವಾಗಿಯೂ ಬಣ್ಣ ಹರಿಯುತ್ತದೆ. ಶುರುವಿನ ಚುಕ್ಕೆ ಸುತ್ತಲಿನ ಚರ್ಮಕ್ಕಿಂತ ಕಪ್ಪಗೆ ಕಾಣಬಹುದು. ಹೆದರಬೇಡಿ.

ಲೇಪದ ಕಲೆ ಹೀಗಿರುವುದಿಲ್ಲ. ಮಚ್ಚೆಯ ತುಂಬ ಒಂದೇ ಸಮ ಹರಡಿ, ಪಕ್ಕದ ಚರ್ಮಕ್ಕೂ ಹತ್ತಿ, ಒಂದು ವಾರದಲ್ಲಿ ಮೇಲ್ಪದರ ಉದುರಿದಾಗ ಹೋಗಿಬಿಡುತ್ತದೆ. ಮದರಂಗಿ, ಆಕ್ರೋಟಿನ ಹಸಿ ಸಿಪ್ಪೆ, ಡೈಹೈಡ್ರಾಕ್ಸಿ ಅಸಿಟೋನ್ ಇರುವ ಬಣ್ಣದ ಲೋಷನ್, ಇವೆಲ್ಲ ಬರೀ ಮೇಲ್ಪದರಕ್ಕೆ ಹತ್ತುವ ಬಣ್ಣಗಳು. ಮುಚ್ಚಿಕೊಳ್ಳಲು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಚಿಕಿತ್ಸೆ ಅಂತ ಮಾರುವುದು ತಪ್ಪು.

ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ. ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ.

ಎಷ್ಟು ತಿಂಗಳು ಕಾಯಬೇಕು? ಎಲ್ಲ ಜಾಗದಲ್ಲೂ ಬರುತ್ತಾ?

ಮೂರು ತಿಂಗಳಿಗೆ ಮುಂಚೆ ಏನೂ ಹೇಳಲಾಗದು. ಆರು ತಿಂಗಳಾದರೂ ಕೊಡಬೇಕು.

ಗಿಡದ ಲೇಪಗಳಿಗೆ ದೊಡ್ಡ ಲೆಕ್ಕಗಳಿಲ್ಲ. ಆದರೆ ಹೋಲಿಸಿ ನೋಡಲು ಕಿರುಪಟ್ಟಿ (ನ್ಯಾರೋಬ್ಯಾಂಡ್) ಯುವಿಬಿ ಚಿಕಿತ್ಸೆಯ ಲೆಕ್ಕ ಇದೆ. 311 ನ್ಯಾನೋಮೀಟರ್ ಸುತ್ತಮುತ್ತಲ ಬೆಳಕು ಅದು. ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ನೋಡಿದಾಗ, ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬಣ್ಣ ಬಂದವರು 3 ತಿಂಗಳಿಗೆ ನೂರಕ್ಕೆ 13, 6 ತಿಂಗಳಿಗೆ 19, ವರ್ಷಕ್ಕೆ ಸುಮಾರು 36. ಅಷ್ಟು ಒಳ್ಳೆಯ ಫಲ ಮುಖ ಮತ್ತು ಕತ್ತಿನಲ್ಲಿ ನೂರಕ್ಕೆ 44 ಮಂದಿಗೆ, ಕೈಕಾಲುಗಳಲ್ಲಿ 17 ಮಂದಿಗೆ ಸಿಕ್ಕಿತು. ಹಸ್ತ, ಪಾದಗಳಲ್ಲಿ ಯಾರಿಗೂ ಇಲ್ಲ. ಇಷ್ಟು ಪರೀಕ್ಷೆಯಾದ ಚಿಕಿತ್ಸೆಯೇ ಹೀಗಿರುವಾಗ "21 ದಿನದಲ್ಲಿ ಗುಣ" ಅನ್ನುವ ಬಾಟಲಿಯನ್ನು ನಂಬುವುದು ಹೇಗೆ?

ಬೆರಳ ತುದಿ, ತುಟಿ, ಮಣಿಕಟ್ಟಿನ ಒಳಭಾಗದಲ್ಲಿ ಕೂದಲ ಬುಡಗಳೇ ಇಲ್ಲ ಅಥವಾ ತೀರಾ ಕಡಿಮೆ. ಬಣ್ಣ ಬರಲು ಕೋಶಗಳ ದಾಸ್ತಾನೇ ಇಲ್ಲ. ಮಚ್ಚೆಯ ಮೇಲಿನ ಕೂದಲೂ ಬೆಳ್ಳಗಾಗಿದ್ದರೆ ಅಲ್ಲಿನ ದಾಸ್ತಾನೂ ಮುಗಿದಿರಬಹುದು. ಇಂಥ ಕಡೆ ವರ್ಷಗಟ್ಟಲೆ ಎಣ್ಣೆ ತಿಕ್ಕಿ ಮನಸ್ಸು ಮುರಿದುಕೊಳ್ಳುವ ಬದಲು, ರೋಗ ಒಂದು ವರ್ಷ ಸ್ಥಿರವಾಗಿ ನಿಂತಿದ್ದರೆ, ಬೇರೆ ಕಡೆಯಿಂದ ಮೆಲನೋಸೈಟ್ ತಂದು ನಾಟುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿ.

ಪುವಾ ಒಳ್ಳೆಯದೋ, ಯುವಿಬಿ ಒಳ್ಳೆಯದೋ?

1997ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಎರಡನ್ನೂ ಹೋಲಿಸಿದರು. ನಾಲ್ಕು ತಿಂಗಳ ನಂತರ, ಸೊರಾಲೆನ್ ಹಚ್ಚಿ ಯುವಿಎ ಪಡೆದವರಲ್ಲಿ ನೂರಕ್ಕೆ 46 ಮಂದಿಗೆ, ಬರೀ ಯುವಿಬಿ ಪಡೆದವರಲ್ಲಿ 67 ಮಂದಿಗೆ ಬಣ್ಣ ಬರತೊಡಗಿತ್ತು. ಯುವಿಬಿಗೆ ಏನನ್ನೂ ಹಚ್ಚುವುದು ಬೇಡ, ಸುಡುವುದೂ ಕಡಿಮೆ. ಅಂದಿನಿಂದ ಹೆಚ್ಚಿನ ವೈದ್ಯರು ಯುವಿಬಿ ಕಡೆಗೇ ತಿರುಗಿದರು.

ಡಾಕ್ಟರ್ ಕೊಟ್ಟ ಕ್ರೀಮ್ ಜೊತೆ ಗಿಡದ ಎಣ್ಣೆಯನ್ನೂ ಹಚ್ಚಬಹುದಾ?

ಅವರಿಗೆ ಹೇಳದೆ ಬೇಡ. ಬಾವಂಚಿ ಹಚ್ಚಿಕೊಂಡು ಯುವಿಬಿ ಪೆಟ್ಟಿಗೆಯೊಳಗೆ ನಿಂತರೆ ಅವರು ಹಾಕಿದ ಅಳತೆಯೆಲ್ಲ ತಲೆಕೆಳಗು. ಡಾಕ್ಸಿಸೈಕ್ಲಿನ್, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆಗಳು ಕೂಡ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ. ಎಲ್ಲವನ್ನೂ ಪಟ್ಟಿ ಮಾಡಿ ತೋರಿಸಿ.

ಹಚ್ಚುವ ಔಷಧಿಗಳಲ್ಲಿ ಈಗ ಒಳ್ಳೆಯ ಆಯ್ಕೆಗಳಿವೆ. ಸ್ಟೀರಾಯ್ಡ್ ಮತ್ತು ಟ್ಯಾಕ್ರೋಲಿಮಸ್ ಹಳೆಯವು. ರುಕ್ಸೋಲಿಟಿನಿಬ್ ಶೇಕಡಾ 1.5ರ ಕ್ರೀಮಿಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಜುಲೈನಲ್ಲಿ, 12 ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಕೊಟ್ಟಿತು. 24 ವಾರಗಳಲ್ಲಿ ಮುಖದ ತೊನ್ನು ಮುಕ್ಕಾಲು ಭಾಗ ಸುಧಾರಿಸಿದವರು ನೂರಕ್ಕೆ ಸುಮಾರು 30. ಔಷಧಿಯಿಲ್ಲದ ಕ್ರೀಮ್ ಹಚ್ಚಿದವರಲ್ಲಿ 7ರಿಂದ 11. ಗಿಡವನ್ನೇ ನೆಚ್ಚಿಕೊಂಡು ಇಂಥದ್ದನ್ನು ಕೇಳಿಯೂ ನೋಡದಿರುವುದು ನಷ್ಟ. ಮಚ್ಚೆ ಹೊಸದಾಗಿದ್ದಾಗ ಚಿಕಿತ್ಸೆ ಹೆಚ್ಚು ಫಲ ಕೊಡುತ್ತದೆ. ಆ ತಿಂಗಳುಗಳು ಮತ್ತೆ ಸಿಗುವುದಿಲ್ಲ.

ಗಿಡದಿಂದ ಬಂದ ಪದಾರ್ಥವೇ ಬಣ್ಣ ಕಳೆಯಬಹುದಾ?

ಕಳೆದಿದೆ. ರೋಡೋಡೆಂಡ್ರಾಲ್ ಅನ್ನುವುದು ಕೆಲವು ಮರಗಳ ತೊಗಟೆಯಲ್ಲಿರುವ ಪದಾರ್ಥ. ಜಪಾನಿನಲ್ಲಿ ಅದನ್ನು ಮೈಬಣ್ಣ ತಿಳಿಯಾಗಿಸುವ ಕ್ರೀಮುಗಳಿಗೆ ಹಾಕಿದರು. ಬಳಸಿದ ಸುಮಾರು 8 ಲಕ್ಷ ಮಂದಿಯಲ್ಲಿ ನೂರಕ್ಕೆ 2ರಷ್ಟು ಜನಕ್ಕೆ ಮುಖ, ಕತ್ತು, ಕೈ ಮೇಲೆ ಬಿಳಿ ಮಚ್ಚೆಗಳಾದವು. 2013ರಲ್ಲಿ ಆ ಕ್ರೀಮುಗಳನ್ನು ವಾಪಸ್ ತೆಗೆದುಕೊಂಡರು. ಮೆಲನಿನ್ ತಯಾರಿಸುವ ಕಿಣ್ವವೇ ಆ ಪದಾರ್ಥವನ್ನು ವಿಷವಾಗಿ ಬದಲಿಸಿ ಮೆಲನೋಸೈಟ್ ಕೊಂದಿತ್ತು. ತೊನ್ನು ಇರುವವರು ಮೈ ಬೆಳ್ಳಗಾಗಿಸುವ ಯಾವ ಕ್ರೀಮನ್ನೂ ಹಚ್ಚಬಾರದು. ರಬ್ಬರ್ ಕೈಗವಸು, ಚಪ್ಪಲಿ, ಕೆಲವು ಅಂಟುಗಳಲ್ಲಿರುವ ಫೀನಾಲ್ ಪದಾರ್ಥಗಳಿಂದಲೂ ತಾಗಿದ ಜಾಗದಲ್ಲಿ ಬಿಳುಪು ಬರಬಹುದು.

"ಪೂರ್ತಿ ಹರ್ಬಲ್" ಕ್ರೀಮ್ ಒಂದು ತುಂಬಾ ಬೇಗ ಕೆಲಸ ಮಾಡಿತು. ಸಂಶಯ ಪಡಬೇಕಾ?

ಪಡಬೇಕು. ಹರ್ಬಲ್ ಅನ್ನುವ ಚೀಟಿ ಅಂಟಿಸಿದ ಕೆಲವು ಕ್ರೀಮುಗಳಲ್ಲಿ ಜೋರಾದ ಸ್ಟೀರಾಯ್ಡ್ ಬೆರೆತಿರುವುದು ಬೇರೆ ಬೇರೆ ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ. ಹಚ್ಚಿದ ಜಾಗ ತೆಳ್ಳಗಾಗಿ ಹೊಳೆಯುತ್ತಿದೆಯಾ? ಸಣ್ಣ ಕೆಂಪು ನರಗಳು ಕಾಣುತ್ತಿವೆಯಾ? ಮೊಡವೆ, ರೋಮ ಜಾಸ್ತಿಯಾಗಿದೆಯಾ? ಕ್ರೀಮ್ ಡಬ್ಬಿಯನ್ನೇ ವೈದ್ಯರ ಮುಂದಿಡಿ. ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಕೊಳ್ಳಲೇಬೇಡಿ.

ಮಕ್ಕಳಿಗೆ, ಗರ್ಭಿಣಿಯರಿಗೆ?

ಸೊರಾಲೆನ್ ಇರುವುದು ಯಾವುದೂ ಬೇಡ. ಬಸುರಿಯರಿಗೆ ಪುವಾ ಕೊಡುವುದಿಲ್ಲ. ಮಕ್ಕಳು ಬಿಸಿಲಲ್ಲಿ ಆಡುವುದನ್ನು ಅಳತೆ ಮಾಡಲು ಯಾರಿಂದಲೂ ಆಗದು.

ಚಿಕಿತ್ಸೆ ನಿಲ್ಲಿಸಿದ ಮೇಲೆ ಬಂದ ಬಣ್ಣ ಉಳಿಯುತ್ತಾ?

ಹತ್ತು ಮಂದಿಯಲ್ಲಿ ಸುಮಾರು ನಾಲ್ವರಿಗೆ ಒಂದು ವರ್ಷದೊಳಗೆ ಮತ್ತೆ ಸ್ವಲ್ಪ ಹೋಗುತ್ತದೆ. ಹಳೆಯ ದಾಳಿಕೋರ ಕೋಶಗಳಲ್ಲಿ ಕೆಲವು ಆ ಜಾಗದಲ್ಲೇ ಕಾದು ಕೂತಿರುತ್ತವೆ. ವಾರಕ್ಕೆರಡು ಸಲ ಟ್ಯಾಕ್ರೋಲಿಮಸ್ ಹಚ್ಚುತ್ತಾ ಹೋದರೆ ಇದು ಕಡಿಮೆಯಾಗುತ್ತದೆ.

ಬಾವಂಚಿ ಎಣ್ಣೆ ಹಚ್ಚಿ ಆಗಲೇ ಬಿಸಿಲಿಗೆ ಹೋಗಿಬಿಟ್ಟೆ. ಈಗ ಉರಿಯುತ್ತಿದೆ. ಏನು ಮಾಡಲಿ?

ಕೂಡಲೇ ಒಳಗೆ ಬನ್ನಿ, ಕಿಟಕಿಯಿಂದ ದೂರ. ಸೌಮ್ಯವಾದ ಸೋಪು ಹಾಕಿ ಎಣ್ಣೆಯನ್ನು ಪೂರ್ತಿ ತೊಳೆಯಿರಿ, ಉಜ್ಜಬೇಡಿ. ತಣ್ಣೀರಲ್ಲಿ ನೆನೆಸಿದ ಬಟ್ಟೆಯನ್ನು 15-20 ನಿಮಿಷ ಇಡಿ, ದಿನಕ್ಕೆ ನಾಲ್ಕೈದು ಸಲ. ಮಂಜುಗಡ್ಡೆ ನೇರವಾಗಿ ಬೇಡ, ಬೇರೆ ಎಣ್ಣೆ ಬೇಡ, ಟೂತ್‌ಪೇಸ್ಟ್ ಬೇಡ. ಆ ಜಾಗವನ್ನು ಮೂರು ದಿನ ಬಟ್ಟೆಯಿಂದ ಮುಚ್ಚಿಡಿ. ಕೆಂಪು ಎರಡನೇ, ಮೂರನೇ ದಿನ ಇನ್ನೂ ಏರುತ್ತದೆ ಅನ್ನುವುದು ನೆನಪಿರಲಿ. ಇವತ್ತಿನ ಉರಿ ಕಡಿಮೆಯಾಯಿತು ಅಂತ ಸುಮ್ಮನಾಗಬೇಡಿ. ಗುಳ್ಳೆ ಎದ್ದರೆ ಒಡೆಯಬೇಡಿ. ಗುಳ್ಳೆ ಅಂಗೈಗಿಂತ ಅಗಲ ಇದ್ದರೆ, ಮುಖದ ಮೇಲೋ ಗುಪ್ತಾಂಗದ ಮೇಲೋ ಇದ್ದರೆ, ಕೀವು ಕಂಡರೆ, ಜ್ವರ ಬಂದರೆ, ಕಣ್ಣಿಗೆ ಎಣ್ಣೆ ತಾಗಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಹೋಗುವಾಗ ಎಣ್ಣೆಯ ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.